ನಿಲ್ಲಿಸಬಾರದು

ಮೊದಲು ಬಂದದ್ದು ಹಳದಿ ದೀಪ.
ಮೀಟರಿನ ಮೂಲೆಯಲ್ಲಿ, ಉಗುರಿನಷ್ಟು,
ಡಬ್ಬಿಯೊಳಗೆ ಸಾಸಿವೆ ಚೆಲ್ಲಿದಂಥ ಚಿತ್ರ.
ಎಂಟು ದಿನ ನೋಡಿಯೂ ನೋಡದ ಹಾಗಿದ್ದೆ,
ಒಲೆ ಮೇಲಿನ ಹಾಲನ್ನು
ಮನೆಯಲ್ಲಿ ಇನ್ಯಾರೋ ನೋಡುತ್ತಾರೆ ಅನ್ನುವ ಹಾಗೆ.

ಒಂಬತ್ತನೆಯ ದಿನ, ಸ್ವಾರಗೇಟಿನ ಸೇತುವೆ ಏರುವಾಗ
ಎಷ್ಟು ತುಳಿದರೂ ಗಾಡಿ ಏಳಲಿಲ್ಲ.
ಹಿಂದಿನ ಬಸ್ಸಿನ ಡ್ರೈವರು ಕಿಟಕಿಗೆ ಬಂದು
ಶುದ್ಧ ಮರಾಠಿಯಲ್ಲಿ ನನ್ನ ತವರನ್ನು ನೆನೆದ.

ಬಿಬವೇವಾಡಿಯ ತಗಡಿನ ಶೆಡ್ಡಿನಲ್ಲಿ ಮಲಕಾರಿ,
ಇಂಡಿ ಕಡೆಯವನು. ನನ್ನ ಎರಡು ಮಾತು ಕೇಳಿ
ಹೊಸ್ತಿಲಲ್ಲಿ ಚಪ್ಪಲಿ ಕಳಚಿದಷ್ಟು ಸಲೀಸಾಗಿ
ಕನ್ನಡಕ್ಕೆ ಬಂದ.
ಹೊಗೆಕೊಳವೆಯಲ್ಲಿ ಬೆರಳು ತಿರುವಿದ.
ಬೆರಳು ಚೊಕ್ಕ.
'ಹೊರಗ ಏನೂ ಬಿಟ್ಟಿಲ್ರಿ. ಎಲ್ಲಾ ಒಳಗ ಐತಿ.'

ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ
ಮಸಿ ನೂರಕ್ಕೆ ಎಪ್ಪತ್ತೆಂಟು ಎಂದ.
'ದಿನಾ ಎಷ್ಟು ಓಡಸ್ತೀರಿ ಅಕ್ಕಾರ?'
ಶಾಲೆಗೆ ಒಂದೂವರೆ ಕಿಲೋಮೀಟರು.
ಮಂಡಯಿಗೆ ಎರಡು.
ಮಾವನ ಕಣ್ಣಿನ ಡಾಕ್ಟರಿಗೆ ಮೂರು, ಅದೂ ತಿಂಗಳಿಗೊಮ್ಮೆ.
ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣಗಾಯಿತು.

ಆಯಿಲ್ ಕಡ್ಡಿ ಎಳೆದು ಬಿಸಿಲಿಗೆ ಹಿಡಿದ.
ಗೆರೆಗಿಂತ ಮೇಲಿತ್ತು.
ಹೆಚ್ಚಿದ್ದರೆ ಒಳ್ಳೆಯದಲ್ಲವಾ, ಎಂದೆ.
ನಕ್ಕ; ಮೂಸಲು ಕೊಟ್ಟ. ಡೀಸೆಲ್ ನಾತ.
'ಮಸಿ ಸುಡಾಕ ಅದರ ಪಾಡಿಗೆ ಅದು ಬೆಂಕಿ ಹಚ್ಚತೈತಿ,
ಅಷ್ಟರಾಗ ನಿಮ್ಮ ಶಾಲಿ ಬರತೈತಿ.
ನೀವು ಕೀಲಿ ತಿರುವತೀರಿ.
ಸುಡಬೇಕಾದದ್ದು ಎಣ್ಣಿಗೆ ಇಳೀತೈತಿ.'

ಹೊಸ ಫಿಲ್ಟರಿಗೆ ಎಂಬತ್ತು ಸಾವಿರ.
ಪಕ್ಕದ ಗ್ಯಾರೇಜಿನವನು ಹೊಟ್ಟೆ ಕೊಯ್ದು
ಖಾಲಿ ಡಬ್ಬಿ ಬೆಸೆದು ಕೊಡುತ್ತಾನಂತೆ, ಏಳಕ್ಕೆ.
'ದೀಪ ಆರತೈತಿ ಖರೆ. ಹೊಗಿ ಹಿಂದಿನವರ ಮೂಗಿಗೆ.
ನಾ ಮಾಡಂಗಿಲ್ಲ.'
ಎಣ್ಣೆ ಬದಲಿಸಿ, ಬಿಲ್ಲಿನ ಹಿಂಬದಿಗೆ ಔಷಧ ಬರೆದ:
ನಾಲ್ಕನೇ ಗೇರು. ಎರಡು ಸಾವಿರದ ಮೇಲೆ ಮುಳ್ಳು.
ನಲವತ್ತು ನಿಮಿಷ.
ಅದರ ಕೆಳಗೆ ಎರಡು ಗೆರೆ ಎಳೆದು: ನಿಲ್ಲಿಸಬಾರದು.

ಭಾನುವಾರ ಐದೂಕಾಲು. ಶ್ರೀಶೈಲ ಮಗ್ಗುಲು ಬದಲಿಸಿ
'ಟ್ಯಾಂಕು ನೋಡಿಕೋ' ಎಂದು ಮತ್ತೆ ಮಲಗಿದ.
ಅತ್ತೆ ಮಾತ್ರ ಬಾಗಿಲಿಗೇ ಬಂದರು.
ಹೋಗುವುದೇ ಆದರೆ ಕೇತಕಾವಳೆಯ ಬಾಲಾಜಿಗೆ ಒಂದು ಕಾಯಿ,
ಬರುವಾಗ ಕಾಪೂರಹೋಳದಲ್ಲಿ ಅಗ್ಗದ ಈರುಳ್ಳಿ.
ನಿಲ್ಲಿಸೋ ಹಾಗಿಲ್ಲ ಅತ್ತೆ, ಎಂದೆ.
ಹಾಗೆ ಹೇಳಿದ್ದು ಅದೇ ಮೊದಲು.
ಕೈಯಲ್ಲಿ ಬಿಲ್ಲಿತ್ತು, ತೋರಿಸಿದೆ.

ಕಾತ್ರಜಿನ ಸುರಂಗದಲ್ಲಿ ಗಾಡಿ ಗೊಣಗಿತು,
ದಮ್ಮಿನವರು ಮೆಟ್ಟಿಲು ಹತ್ತಿದ ಹಾಗೆ.
ಆಚೆ ಇಳಿಜಾರು, ಎಡಕ್ಕೆ ಇನ್ನೂ ಕತ್ತಲೆಯ ಗುಡ್ಡ,
ಹೂಕೋಸಿನ ಟೆಂಪೋಗಳು ಊರಿನತ್ತ,
ನಾನೊಬ್ಬಳೇ ಊರಿಗೆ ಬೆನ್ನು ಹಾಕಿ.
ಖೇಡ ಶಿವಾಪುರದ ಟೋಲು ಕಣ್ಣು ಮಿಟುಕಿಸಿ ದಾರಿ ಬಿಟ್ಟಿತು.
ಅಲ್ಲಿಂದಾಚೆ ಅದು ದನಿ ಬದಲಿಸಿತು.
ಸುಟ್ಟ ವಾಸನೆ, ಇಸ್ತ್ರಿಯ ಅಂಗಡಿಯ ಮುಂದೆ ಹೋದಂತೆ.
ಹೆದರಿಕೆಯಾಯಿತು. ಕಾಲು ತೆಗೆಯಲಿಲ್ಲ.

ಕಾಪೂರಹೋಳ ಬಂತು. ಈರುಳ್ಳಿಯ ಚೀಲಗಳು ಬಂದವು, ಹೋದವು.
ಬಾಲಾಜಿಯ ಕಮಾನಿಗೆ ಒಂದು ಕೈಯಲ್ಲೇ ನಮಸ್ಕಾರ.
ನೀರಾ ಹೊಳೆಯ ಸೇತುವೆ ದಾಟುವಾಗ
ನೀರಿನ ಮೇಲೆ ಬೆಳಕು ಬಿದ್ದದ್ದನ್ನು ನೋಡಿದೆ,
ದೀಪ ಆರಿದ್ದನ್ನು ನೋಡಲಿಲ್ಲ.
ಶಿರವಳದಲ್ಲಿ ತಿರುಗಿಸುವಾಗ ಗಮನಿಸಿದರೆ
ಆ ಜಾಗದಲ್ಲಿ ಏನೂ ಇಲ್ಲ, ಬರೀ ಕಪ್ಪು ಗಾಜು,
ಅದರಲ್ಲಿ ನನ್ನ ಗದ್ದ.

ಮನೆಯ ಮುಂದೆ ಕೀಲಿ ತೆಗೆದ ಮೇಲೂ
ಫ್ಯಾನು ಬಹಳ ಹೊತ್ತು ತಿರುಗುತ್ತಲೇ ಇತ್ತು.
ಮಾವ ಕನ್ನಡಕ ಹಾಕಿಕೊಂಡು ಹೊರಬಂದು
ಬಾನೆಟ್ಟಿಗೆ ಅಂಗೈ ಇಟ್ಟು ತೆಗೆದರು, ಜ್ವರ ನೋಡಿದವರಂತೆ.
'ಎಷ್ಟು ದಿನಕ್ಕೊಮ್ಮೆ ಹೀಗೆ?'

ಮಲಕಾರಿ ಹೇಳಿದ್ದು ತಿಂಗಳಿಗೊಮ್ಮೆ.
ಬಿಲ್ಲನ್ನು ನಾಲ್ಕು ಮಡಿಕೆ ಮಡಚಿ ಪರ್ಸಿಗೆ ಹಾಕಿ
ನಾನು ಹೇಳಿದೆ: ಪ್ರತಿ ಭಾನುವಾರ.