ಒಂದು ಹಿಡಿ ಹೊಟ್ಟು

ಬರ್ಕಾದಲ್ಲಿ ಜುಲೈ ಎಂದರೆ
ಬೆಳಗಿನ ನಾಲ್ಕಕ್ಕೂ ಗೋಡೆ ಬೆವರುತ್ತದೆ.
ಗೂಡಿನ ಬಾಗಿಲು ತೆರೆದರೆ
ಮೊದಲು ಕಣ್ಣಿಗೆ ತಾಗುವುದು ವಾಸನೆ,
ಆಮೇಲೆ ಕೋಳಿ.

ಮರಳು ಹಾಸಿ ನೋಡಿದೆ: ಮಧ್ಯಾಹ್ನಕ್ಕೆ ಕಾವಲಿ.
ಖರ್ಜೂರದ ಗರಿ ಸೀಳಿ ಹಾಕಿದೆ: ಅಡಿಯೆಲ್ಲ ಬೂಷ್ಟು.
ಕೊನೆಗೆ ಬಡಗಿ ಶಫೀಕುಲ್ಲನ ಅಂಗಡಿಗೆ ಹೋದೆ.
ಪ್ಲೈವುಡ್ಡಿನದು ಬೇಡ ಮಾರಾಯ, ಅಂಟು ಎದೆಗೆ ಹತ್ತುತ್ತದೆ,
ಒಣಮರದ ದಪ್ಪ ಹೊಟ್ಟು ಕೊಡು.
ಮೂರು ಚೀಲಕ್ಕೆ ಹನ್ನೆರಡು ಮೊಟ್ಟೆ.

ಒಡೆದ ಸ್ಪೀಕರಿನ ಅಯಸ್ಕಾಂತ ಅದರೊಳಗೆ ಆಡಿಸುತ್ತೇನೆ.
ಮೊಳೆ, ಪಿನ್ನು,
ಒಮ್ಮೆ ಯಾರದೋ ತುಕ್ಕುಹಿಡಿದ ಬೀಗದ ಕೈ.
ಕಿಟಕಿಗೆ ತೂಗುಹಾಕಿದ್ದೇನೆ,
ಕೇಳಿಕೊಂಡು ಯಾರೂ ಬಂದಿಲ್ಲ.

ಹಳೆಯದನ್ನು ಕೆರೆದು, ಸುಣ್ಣ ಉದುರಿಸಿ,
ನಾಲ್ಕು ಬೆರಳು ದಪ್ಪ ಹೊಸದು.
ಒಂದು ಹಿಡಿ ಹಿಂಡಿ ಬಿಡಬೇಕು:
ಉಂಡೆ ಕಟ್ಟಿದರೆ ಒದ್ದೆ, ಉದುರಿದರೆ ಸರಿ.
ಎಂಬತ್ತರ ಒಡತಿ ಮೌಝಾ
ಕೋಲು ಗೋಡೆಗೊರಗಿಸಿ ತಾನೂ ಹಿಂಡಿ, ಮೂಸಿ,
"ಝೈನ್" ಅಂದಳು. ಅಷ್ಟೇ.

ಕೆಂಪು ಹೇಂಟೆ ಮಾತ್ರ ಒಳಬಂದದ್ದೇ
ನಾನು ಸಮಮಾಡಿದ್ದನ್ನೆಲ್ಲ ಕೆದರಿ,
ಮೂಲೆಯಲ್ಲೊಂದು ಗುಳಿ ತೋಡಿ, ಕೂತು,
ಒಂದು ಕಣ್ಣು ಮುಚ್ಚಿ
ಇನ್ನೊಂದರಲ್ಲಿ ನನ್ನನ್ನೇ ನೋಡಿತು,
ಚಪ್ಪಲಿ ಹೊರಗೆ ಬಿಟ್ಟು ಬಾ ಎಂಬಂತೆ.