ಹದಿನೆಂಟು ಅಡಿ ಕೆಂಪು ವೈರು

ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದೆ.
ಡ್ಯಾಶ್‌ಬೋರ್ಡಿನ ಗಡಿಯಾರ ಆರಿತು, ಒಂಬತ್ತು ನಲವತ್ತಕ್ಕೆ.
ಪಿಳ್ಳಪ್ಪನ ಕ್ವಾಲಿಸ್ಸು ಈಗ ಬರೀ ಕಬ್ಬಿಣ,
ಹಿಂದಿನ ಸೀಟು ಕಿತ್ತು ಗೂಡಿನ ಮೂಟೆ ತುಂಬುವ ಕಬ್ಬಿಣ.

"ರಾಮನಗರದಿಂದ ಬರೋವಾಗ ಕಣ್ಣು ಎಳೀತದೆ ಕಣಪ್ಪ,
ಎದೆ ಅದುರೋ ಹಂಗೆ ಒಂದು ಡಬ್ಬ ಕೂರಿಸು"
ಅಂದು ಮುಂಗಡ ಕೊಟ್ಟ.
ಶಿಡ್ಲಘಟ್ಟದ ಮಾರ್ಕೆಟ್ಟು ಬಾಗಿಲು ಹಾಕಿದೆ.
ಎದುರಂಗಡಿ ಬೆಂಚಿನ ಮೇಲೆ, ಎಚ್ಚರವಾಗೇ ಇರ್ತೀನಿ ಅಂತ ಹೇಳಿ
ಗೊರಕೆ ಹೊಡೆಯುತ್ತಿದ್ದಾನೆ.

ಹದಿನೆಂಟು ಅಡಿ ಕೆಂಪು ವೈರು, ಕಿರುಬೆರಳ ಗಾತ್ರ.
ಬ್ಯಾಟರಿಯಿಂದ ಗೇಣಿನೊಳಗೆ ಫ್ಯೂಸು ಕೂರಬೇಕು.
"ಗೇಣು ನಿನ್ನದಲ್ಲ, ನನ್ನದು" ಅನ್ನುತ್ತಿದ್ದ ಮುನೀರ್ ಉಸ್ತಾದ್.
ಅವನ ಬಲಗೈಗೆ ಕಿರುಬೆರಳೇ ಇರಲಿಲ್ಲ.
ಯಾವ ಗಾಡಿ ತಿಂದಿತೆಂದು ನಾನು ಕೇಳಲಿಲ್ಲ,
ಇಂದಿಗೂ ಅವನ ಗೇಣಿನಲ್ಲೇ ಅಳೆಯುತ್ತೇನೆ.

ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವೆ ತಗಡಿನ ಗೋಡೆ.
ಆಚೆ ಏನಿದೆ ಎಂದು ಬಲ್ಲವನಷ್ಟೇ ಡ್ರಿಲ್ ಹಿಡಿಯಬೇಕು.
ಟಾರ್ಚು ಹಲ್ಲಲ್ಲಿ ಕಚ್ಚಿ, ಪೆಡಲುಗಳ ಸಂದಿಗೆ ಕತ್ತು ತೂರಿಸಿ
ಬ್ರೇಕಿನ ನಳಿಗೆ ಬಿಟ್ಟು, ಎಸಿ ಪೈಪು ಬಿಟ್ಟು,
ಉಳಿದ ಒಂದು ರೂಪಾಯಿ ಅಗಲದಲ್ಲಿ ಕೊರೆದೆ.
ಬಿಸಿ ಹುಡಿ ರೆಪ್ಪೆಗೆ ಉದುರಿತು.

ತೂತು ಅಂದರೆ ನಮ್ಮ ಮನೆಯಲ್ಲಿ ಬೈಗುಳ.
ಅಮ್ಮಿ ಬಿಸಿನೀರ ತೊಟ್ಟಿಯ ಮುಂದೆ ಕೂತು
ಗೂಡಿನ ತುದಿ ಹುಡುಕಿ ಎಳೆ ಹಿಡಿಯುತ್ತಿದ್ದಳು.
ಚಿಟ್ಟೆ ಕೊರೆದು ಹೊರಟದ್ದು ಕೈಗೆ ಸಿಕ್ಕರೆ ಮೂಲೆಗೆ ಎಸೆದು
"ತೂತುಬಿದ್ದದ್ದು, ನೂಲಿಗೆ ಬಾರದು" ಅನ್ನುತ್ತಿದ್ದಳು.
ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ
ಅದೇ ಮಾತು, ಅದೇ ದನಿ.

ಇಲ್ಲಿ ತೂತೇ ಬೇಕು. ಆದರೆ ಬರೀ ತೂತಿಗೆ ಹಲ್ಲಿರುತ್ತದೆ.
ವರ್ಷವಿಡೀ ಅದುರಿ ಅದುರಿ ವೈರಿನ ತೊಗಲು ಕೊಯ್ದು
ಒಂದು ರಾತ್ರಿ ಹೊಗೆ.
ಅದಕ್ಕೇ ಈ ರಬ್ಬರ್ ಬುಷ್ಷು, ಎಂಟು ರೂಪಾಯಿ.
ಬಿಲ್ಲಿನಲ್ಲಿ ಗಿರಾಕಿ ಮೊದಲು ಹೊಡೆದುಹಾಕುವುದು ಇದನ್ನೇ.

ಸೈಕಲ್ಲಿನ ಬ್ರೇಕ್ ತಂತಿಗೆ ವೈರು ಕಟ್ಟಿ, ಸೋಪು ಸವರಿ ನೂಕಿದೆ.
ಬರಲಿಲ್ಲ.
ಬೈದೆ. ಬಂತು.

ಬಾಗಿಲ ಹೊಸ್ತಿಲಿನ ಪಟ್ಟಿ ಎಬ್ಬಿಸಿದರೆ ಕಾರ್ಪೆಟ್ಟಿನಡಿ
ಕಡಲೆಕಾಯಿ ಸಿಪ್ಪೆ, ಒದ್ದೆಯಾಗಿ ಒಣಗಿದ ಹರಾಜಿನ ಚೀಟಿ,
ಒಂದು ಗೂಡು.
ಕಿವಿಯ ಹತ್ತಿರ ಅಲುಗಿಸಿದೆ, ಸದ್ದಿಲ್ಲ.
ತುದಿಯಲ್ಲಿ ತೂತು, ಕಂದು ಅಂಚು.
ಯಾವುದೋ ರಾತ್ರಿ, ನಿದ್ದೆಯ ಜೊತೆ ಗುದ್ದಾಡುತ್ತಿದ್ದವನ ಬೆನ್ನ ಹಿಂದೆ
ಒಂದು ಚಿಟ್ಟೆ ಈ ಗಾಡಿಯಲ್ಲಿ ಹುಟ್ಟಿದೆ,
ರೆಕ್ಕೆಯಿದ್ದೂ ಹಾರಲು ಬಾರದ ಜಾತಿ.
ಎಲ್ಲಿ ಇಳಿಯಿತೋ.

ಕೆಂಪು ವೈರು ಎಡಕ್ಕೆ, ಹಾಡಿನ ವೈರು ಬಲಕ್ಕೆ.
ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ
ಎಂಜಿನ್ನಿನ ಗೊಣಗಾಟ ಹಾಡಿನ ಬಾಯಲ್ಲಿ ಕೇಳುತ್ತದೆ.
ಅರ್ಥಿಂಗಿಗೆ ತಗಡಿನ ಬಣ್ಣ ಕೆರೆದೆ, ಬೆಳ್ಳಗೆ ಹೊಳೆಯುವ ತನಕ.

ಕಪ್ಪು ತಂತಿ ಮತ್ತೆ ಕೂರಿಸಿದೆ.
ಗಡಿಯಾರ ಏನೂ ಗೊತ್ತಿಲ್ಲದ ಹಾಗೆ ಒಂದು ಗಂಟೆಯಿಂದ ಶುರುಮಾಡಿತು.
ಗೂಡನ್ನು ಡಬ್ಬದ ಮೇಲಿಟ್ಟು ಸಣ್ಣಗೆ ಒಂದು ತಮಟೆ ಹಾಕಿದೆ.
ನೂಲಿಗೆ ಬಾರದ್ದು
ಎದ್ದು ಕುಣಿಯಿತು, ಅಂಚಿನವರೆಗೆ ಹೋಗಿ ಬಿತ್ತು,
ಎತ್ತಿಟ್ಟೆ, ಮತ್ತೆ ಕುಣಿಯಿತು.

ಬೆಂಚಿನಿಂದ ಪಿಳ್ಳಪ್ಪ ಧಡಕ್ಕನೆ ಎದ್ದು
ಮುಖ ಒರೆಸಿಕೊಂಡು ಬಂದ. ಬಿಲ್ಲು ಬೆಳಕಿಗೆ ಹಿಡಿದು
"ಇದೇನಪ್ಪ ಬುಷ್ಷು, ಎಂಟು ರೂಪಾಯಿ?"