ನಾಲ್ಕು ಸೊನ್ನೆ

ಬೈಕುಲಾ ಸ್ಟೇಷನ್ನಿನ ಪೂರ್ವಕ್ಕೆ, ಬೇಕರಿಯ ಮಹಡಿಯ ಮೇಲೆ
ರಕ್ತಪರೀಕ್ಷೆಯ ಲ್ಯಾಬು. ರಾತ್ರಿ ಎರಡೂ ಇಪ್ಪತ್ತು.
ಕೆಳಗೆ ಪಾವ್ ಬೇಯುವ ವಾಸನೆ, ಇಲ್ಲಿ ಸ್ಪಿರಿಟ್ಟಿನದು.
ರೌಟರಿನ ಕಪ್ಪು ಪರದೆಯಲ್ಲಿ ಬರೆಯುತ್ತೇನೆ
ನಾಲ್ಕು ಸೊನ್ನೆ, ನಡುವೆ ಮೂರು ಚುಕ್ಕಿ.

'ಏನೂ ಇಲ್ಲ ಅಂತಲೇ?' ಸುಲಭಾತಾಯಿ ಇಣುಕುತ್ತಾರೆ.
ಈ ಊರಲ್ಲಿ ತಾಯಿ ಅಂದರೆ ಅಕ್ಕ,
ರೌಟರಿಗೆ ಸೊನ್ನೆ ಅಂದರೆ ಎಲ್ಲ.
ವಿಳಾಸ ಗೊತ್ತಿಲ್ಲದ್ದೆಲ್ಲ ಈ ಬಾಗಿಲಿಂದ ಹೊರಡಲಿ,
ಮುಂದಿನವರು ನೋಡಿಕೊಳ್ಳುತ್ತಾರೆ ಅಂತ.
ದಾದರಿನಲ್ಲಿ ಇಳಿದ ಮೊದಲ ದಿನ ನನಗೂ ಯಾರೋ ಹೇಳಿದ್ದು ಅಷ್ಟೇ:
ಗರ್ದಿ ಎತ್ತಲೋ ಅತ್ತ ನಡಿ.

ಎರಡು ಕಂಪನಿ, ಎರಡು ತಂತಿ.
ಮೊದಲನೆಯದರ ಮುಂದೆ ಒಂದು ಅಂತ ಬರೆದೆ,
ಎರಡನೆಯದಕ್ಕೆ ಇನ್ನೂರೈವತ್ತು.
ಇಲ್ಲಿ ಸಣ್ಣ ಸಂಖ್ಯೆಗೇ ಮಣೆ.
ದೊಡ್ಡದು ಗೋಡೆಗೊರಗಿ ಕಾಯುತ್ತದೆ
ಪಟ್ಟಿಯಲ್ಲಿ ಹೆಸರೂ ಕಾಣದೆ.

ಹೋದ ವಾರ ಮೊದಲನೆಯದು ಸತ್ತಿತು. ಎರಡನೆಯದು ಏಳಲೇ ಇಲ್ಲ.
ಯಾಕೆಂದರೆ ಹೊಸ್ತಿಲಲ್ಲಿದ್ದ ಡಬ್ಬಿ ಬದುಕೇ ಇತ್ತು,
ಕೂಗಿದಾಗಲೆಲ್ಲ ಓಗೊಟ್ಟಿತು,
ಹಸಿರು ದೀಪ ಮಿಣುಕಿಸಿತು,
ಅದರ ಬೆನ್ನ ಹಿಂದೆ, ಸಾಯನ್ನಿನಾಚೆ ಎಲ್ಲೋ,
ದಾರಿಯೇ ಇರಲಿಲ್ಲ.
ನೂರಾ ಹದಿನೇಳು ವರದಿ ಸಾಲಾಗಿ ಹೊರಟವು,
ಒಂದೂ ಮುಟ್ಟಲಿಲ್ಲ.
ಪರೇಲಿನ ವಾರ್ಡಿನಲ್ಲಿ ಒಂದು ಪ್ಲೇಟ್ಲೆಟ್ ಲೆಕ್ಕಕ್ಕೆ ಡಾಕ್ಟರು ಕಾದು ನಿಂತಾಗ
ಕಾಗದವನ್ನು ಅಂಗಿಯೊಳಗೆ ತುರುಕಿಕೊಂಡು
ಸೈಕಲ್ ತುಳಿದವನು ವಾಚ್‌ಮನ್ ರಾಮ್‌ಕೇವಲ್.

ಕೆಟ್ಟ ಮೇಲೆ ಬುದ್ಧಿ. ಈಗ ಹೊಸ್ತಿಲನ್ನು ಕೇಳುವುದಿಲ್ಲ.
ಹತ್ತು ಸೆಕೆಂಡಿಗೊಮ್ಮೆ ದೂರದೂರಿನ ಯಂತ್ರವೊಂದನ್ನು ಕೂಗಿಸುತ್ತೇನೆ,
ಮೂರು ಕೂಗಿಗೂ ಮಾರುತ್ತರ ಬರದಿದ್ದರೆ
ಒಂದು ಅಳಿಯಬೇಕು,
ಇನ್ನೂರೈವತ್ತು ಎದ್ದು ನಿಲ್ಲಬೇಕು.

ತಂತಿ ಕಿತ್ತೆ. ಉಸಿರು ಹಿಡಿದೆ.
ಎದ್ದಿತು.

ಚಹಾ ಸೋಸುತ್ತ ಸುಲಭಾತಾಯಿ ಕೇಳಿದರು:
'ಎರಡೂ ತಂತಿ ಬೀದಿಯಲ್ಲಿ ಒಂದೇ ಗುಂಡಿಯಲ್ಲಿ ಮಲಗಿವೆಯಲ್ಲಪ್ಪ.
ಅಗೆಯುವ ಜೆಸಿಬಿಗೆ ಗೊತ್ತೇ
ಯಾವುದು ಒಂದು, ಯಾವುದು ಇನ್ನೂರೈವತ್ತು?'

ಅದಕ್ಕೆ ಬರೆಯಬಲ್ಲ ಸಾಲು ನನಗೆ ಹೊಳೆಯಲಿಲ್ಲ.
ಕಿಟಕಿ ತೆರೆದೆ.
ಬೇಕರಿಯ ಬೆಳಕಿನಲ್ಲಿ ಕುಕ್ಕರುಗಾಲಲ್ಲಿ ಕೂತು
ರಾಮ್‌ಕೇವಲ್ ಹಿಂದಿನ ಚಕ್ರವನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದ,
ಮತ್ತೆ ಪಂಪು ಹಿಡಿದ,
ಯಾರೂ ಹೇಳಿರಲಿಲ್ಲ.